ಕಂಟೇನರ್ ಮೇಲಿನ ಲೇಬಲ್ ನಿಜ ಹೇಳಲಿ

ಮಾನ್ಯ ಸಂಪಾದಕರೆ,

ಕೊಲಂಬೊದಿಂದ ಮುಂಬೈ ಬಳಿಯ ನ್ಹಾವಾ ಶೇವಾ ಬಂದರಿಗೆ ಹೊರಟಿದ್ದ ವಾನ್ ಹೈ 503 ಹಡಗು 2025ರ ಜೂನ್ 9ರಂದು ಕೇರಳದ ಕರಾವಳಿಯಾಚೆ ಹೊತ್ತಿ ಉರಿದಾಗ, ಅದರ 22 ಸಿಬ್ಬಂದಿಯಲ್ಲಿ ಪಾರಾದ 18 ಮಂದಿಯನ್ನು ಕರೆತಂದದ್ದು ನಮ್ಮ ಮಂಗಳೂರಿಗೆ. ನಾಲ್ವರು ನಾಪತ್ತೆಯಾದರು. ಅದಕ್ಕೆ ಎರಡು ವಾರ ಮೊದಲು ಕೊಚ್ಚಿಯ ಬಳಿ ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗಿನ 640 ಕಂಟೇನರ್‌ಗಳಲ್ಲಿ 13ರಲ್ಲಿ ಅಪಾಯಕಾರಿ ಸರಕಿತ್ತು; ಆ ಪೈಕಿ 12ರಲ್ಲಿದ್ದುದು ಕ್ಯಾಲ್ಸಿಯಂ ಕಾರ್ಬೈಡ್. ಆಗ ಪತ್ರಿಕೆಗಳಲ್ಲಿ ನಡೆದ ಚರ್ಚೆ ಬಹುಪಾಲು ತೈಲ, ಮೀನು ಮತ್ತು ಪರಿಹಾರದ ಮೊತ್ತದ ಸುತ್ತ ಇತ್ತು. ಈ ಎರಡು ಅವಘಡಗಳಿಗೂ ಲೇಬಲ್ಲೇ ಕಾರಣ ಎಂಬುದು ನನ್ನ ವಾದವಲ್ಲ. ಆದರೆ ಮೂರು ದಶಕ ರಫ್ತಿನ ಕಾಗದಪತ್ರ ತಯಾರಿಸಿದವನಾಗಿ, ಆ ಚರ್ಚೆಯಲ್ಲಿ ಹೆಚ್ಚು ಬಾರದೆ ಹೋದ ಒಂದು ವಿಷಯವನ್ನು, ಅಂದರೆ ಅಪಾಯಕಾರಿ ಸರಕಿನ ಲೇಬಲ್ಲೂ ಕಾಗದಪತ್ರವೂ ನಿಜ ಹೇಳಬೇಕೆಂಬುದನ್ನು, ಓದುಗರ ಮುಂದಿಡಬಯಸುತ್ತೇನೆ.

ಕಾರ್ಬೈಡ್ ನಮಗೆ ಅಪರಿಚಿತ ವಸ್ತುವಲ್ಲ. ನಿಷೇಧವಿದ್ದರೂ ಮಾವು ಮಾಗಿಸಲು ಕದ್ದುಮುಚ್ಚಿ ಬಳಸುವುದು ಅದನ್ನೇ. ನೀರು ತಗುಲಿದರೆ ಅದು ಅಸಿಟಿಲೀನ್ ಅನಿಲವನ್ನು ಬಿಡುತ್ತದೆ. ಗ್ಯಾಸ್ ವೆಲ್ಡಿಂಗ್ ಮಾಡುವವರಿಗೆ ಆ ಅನಿಲದ ಉರಿ ಎಂಥದೆಂದು ಗೊತ್ತು. ಆದ್ದರಿಂದಲೇ ಸಮುದ್ರದ ಮೂಲಕ ಅಪಾಯಕಾರಿ ಸರಕು ಸಾಗಿಸುವ ಅಂತರರಾಷ್ಟ್ರೀಯ ಸಂಹಿತೆ, ಅಂದರೆ ಐಎಂಡಿಜಿ ಕೋಡ್, ಅದಕ್ಕೆ ಯುಎನ್ 1402 ಎಂಬ ಗುರುತಿನ ಸಂಖ್ಯೆಯನ್ನೂ, ನೀರು ತಗುಲಿದರೆ ಉರಿಯುವ ಅನಿಲ ಬಿಡುವ ವಸ್ತುಗಳ 4.3 ಎಂಬ ವರ್ಗವನ್ನೂ ಜ್ವಾಲೆಯ ಚಿತ್ರವಿರುವ ನೀಲಿ ಲೇಬಲ್ಲನ್ನೂ ಗೊತ್ತುಮಾಡಿದೆ. ಬೆಂಕಿ ಬಿದ್ದ ಹೊತ್ತಿನಲ್ಲಿ ನೀರಿನ ಪೈಪು ಹಿಡಿದು ಓಡುವ ನಾವಿಕನನ್ನು ಆ ನೀಲಿ ಬಣ್ಣ ತಡೆದು ನಿಲ್ಲಿಸಬೇಕು. ಅದೇ ಕಂಟೇನರ್ ಮೇಲೆ ಲೇಬಲ್ ಇಲ್ಲದಿದ್ದರೆ ಅಥವಾ ಬೇರೆ ಬಣ್ಣದ್ದು ಇದ್ದರೆ ಅವನು ಮಾಡುವ ಸಹಜ ಕೆಲಸವೇ ಅವನಿಗೆ ಮುಳುವಾಗುತ್ತದೆ.

ಯಾವ ಕಂಟೇನರನ್ನು ಡೆಕ್ಕಿನ ಮೇಲಿಡಬೇಕು, ಯಾವುದು ಒಳಗಿರಬಹುದು, ಯಾವುದರ ಪಕ್ಕ ಯಾವುದು ಕೂರಬಾರದು ಎಂಬುದನ್ನೆಲ್ಲ ದೂರದ ಕಚೇರಿಯೊಂದರಲ್ಲಿ ಕಂಪ್ಯೂಟರ್ ಮುಂದೆ ಕುಳಿತವರು ನಿರ್ಧರಿಸುತ್ತಾರೆ. ಅವರು ಸರಕನ್ನು ಕಣ್ಣಾರೆ ಕಾಣುವುದಿಲ್ಲ; ರಫ್ತುದಾರ ಬರೆದುಕೊಟ್ಟ ಡಿಕ್ಲರೇಶನ್ ಒಂದೇ ಅವರಿಗೆ ಆಧಾರ. 2019ರ ಮೇ 25ರಂದು ಥಾಯ್ಲೆಂಡಿನ ಲೇಮ್ ಚಬಾಂಗ್ ಬಂದರಿನಲ್ಲಿ ಕೆಎಂಟಿಸಿ ಹಾಂಗ್‌ಕಾಂಗ್ ಎಂಬ ಹಡಗು ಸ್ಫೋಟಗೊಂಡು ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದಾಗ, ಗೊಂಬೆಗಳೆಂದು ಬರೆದಿದ್ದ ಕಂಟೇನರ್‌ಗಳಲ್ಲಿ ಕಾವೇರಿದರೆ ಹೊತ್ತಿ ಸ್ಫೋಟಿಸಬಲ್ಲ ಬ್ಲೀಚಿಂಗ್ ರಾಸಾಯನಿಕವಾದ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಇತ್ತೆಂದು ವರದಿಯಾಗಿತ್ತು. ನಿಜ ಬರೆದಿದ್ದರೆ ಅದನ್ನು ಬಿಸಿಲು, ಕಾವುಗಳಿಂದ ದೂರವಾಗಿ ಡೆಕ್ಕಿನ ಮೇಲೆಯೇ ಇಡಬೇಕಿತ್ತು. ಹೆಚ್ಚಿನ ಬಾಡಿಗೆ ಕೊಡಬೇಕಿತ್ತು. ಕೆಲವು ಹಡಗು ಕಂಪನಿಗಳಂತೂ ಅದನ್ನು ಹತ್ತಿಸಿಕೊಳ್ಳುವುದೇ ಇಲ್ಲ. ಸುಳ್ಳು ಹುಟ್ಟುವುದು ಈ ಬಾಡಿಗೆಯ ವ್ಯತ್ಯಾಸದಲ್ಲಿ.

ಇದು ರಾಸಾಯನಿಕ ಕಾರ್ಖಾನೆಗಳ ಪಾಡು, ನಮಗೇನು ಎಂದುಕೊಳ್ಳುವವರಿಗೆ ನಾನು ಸಂಹಿತೆಯ ಪಟ್ಟಿಯನ್ನೇ ತೋರಿಸುತ್ತಿದ್ದೆ. ತಿಪಟೂರಿನ ಮಾರುಕಟ್ಟೆಗೆ ಹೆಸರು ತಂದ ಕೊಬ್ಬರಿ ಅದರಲ್ಲಿದೆ, ಯುಎನ್ 1363 ಎಂಬ ಸಂಖ್ಯೆಯಲ್ಲಿ, ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ಸಾಲಿನಲ್ಲಿ. ನಮ್ಮ ಕರಾವಳಿಯಲ್ಲಿ ತಯಾರಾಗುವ ಮೀನಿನ ಹುಡಿಯೂ ಇದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಒಳಗೊಳಗೇ ಕಾಯದಂತೆ ರಕ್ಷಕ ದ್ರವ್ಯ ಬೆರೆಸಿದ್ದರೆ ಯುಎನ್ 2216, ಇತರೆ ಅಪಾಯಗಳ ವರ್ಗ 9. ಬೆರೆಸದಿದ್ದರೆ ಯುಎನ್ 1374, ವರ್ಗ 4.2, ಅಂದರೆ ಕೊಬ್ಬರಿಯದೇ ಸಾಲು. ಚೀಲ ನೋಡಲು ಒಂದೇ, ಹೇಳಬೇಕಾದ ಮಾತು ಬೇರೆ. ತೆಂಗಿನ ಚಿಪ್ಪಿನದೂ ಸೇರಿದಂತೆ ಇದ್ದಿಲಿನ ವಿಷಯದಲ್ಲಿ ನಿಯಮ 2026ರ ಜನವರಿ 1ರಿಂದ ಇನ್ನಷ್ಟು ಬಿಗಿಯಾಗಿದೆ. ಪರೀಕ್ಷೆಯ ವರದಿ ತೋರಿಸಿ, ಇದು ಅಪಾಯಕಾರಿ ಸರಕಲ್ಲವೆಂದು ವಿನಾಯಿತಿ ಪಡೆಯುವ ಹಳೆಯ ದಾರಿ ಮುಚ್ಚಿದೆ. ತುಂಬುವ ದಿನ ಇದ್ದಿಲಿನ ಕಾವು 40 ಡಿಗ್ರಿ ಸೆಲ್ಸಿಯಸ್ ಮೀರುವಂತಿಲ್ಲ, ಕಂಟೇನರ್‌ನಲ್ಲಿ ಮೇಲುಗಡೆ 30 ಸೆಂಟಿಮೀಟರ್ ಜಾಗ ಬಿಡಬೇಕು. ಹಳ್ಳಿಯ ಭಟ್ಟಿಯಿಂದ ಇದ್ದಿಲು ಕೊಂಡು ತರುವ ಸಣ್ಣ ರಫ್ತುದಾರರಲ್ಲಿ ಎಷ್ಟು ಮಂದಿಗೆ ಇದು ಮುಟ್ಟಿದೆಯೋ ಎಂಬ ಅನುಮಾನ ನನಗಿದೆ.

ನಾನು ಕೆಲಸದಲ್ಲಿದ್ದಾಗ ಒಮ್ಮೆ ಅಗರಬತ್ತಿಗೆ ಬಳಸುವ ಪರಿಮಳ ದ್ರವ್ಯದ ಡ್ರಮ್‌ಗಳು ಬಂದಿದ್ದವು. ಅದರ ಫ್ಲ್ಯಾಶ್ ಪಾಯಿಂಟ್, ಅಂದರೆ ದ್ರವದ ಆವಿ ಕಿಡಿ ತಗುಲಿದರೆ ಹೊತ್ತಿಕೊಳ್ಳುವ ಕನಿಷ್ಠ ಕಾವು, 60 ಡಿಗ್ರಿಗಿಂತ ಕೆಳಗಿತ್ತು, ಅಂದರೆ ಅದು ವರ್ಗ 3ರ ಉರಿಯುವ ದ್ರವ. ಕಳಿಸುವವರು ಮಾತ್ರ ‘ಅಗರಬತ್ತಿ ಸಾಮಾನು ಎಂದು ಬರೆದುಬಿಡಿ ಮಾರಾಯ್ರೆ, ಯಾರು ನೋಡ್ತಾರೆ’ ಎಂದರು. ನಾವು ಬರೆಯಲಿಲ್ಲ. ಅವರು ಡ್ರಮ್‌ಗಳನ್ನು ವಾಪಸು ಒಯ್ದು ಬೇರೆ ಏಜೆಂಟರಿಗೆ ಕೊಟ್ಟರು. ಆ ಸರಕು ಯಾವ ಹೆಸರಿನಲ್ಲಿ ಹಡಗು ಹತ್ತಿತೆಂದು ನಾನು ಕೇಳಿ ತಿಳಿಯಲಿಲ್ಲ. ಕೇಳಬೇಕಿತ್ತೆಂದು ಈಗ ಅನಿಸುತ್ತದೆ.

ಎಲ್ಲ ತಪ್ಪೂ ದುರಾಸೆಯದಲ್ಲ. ಪೊಟ್ಟಣದ ಮೇಲೆ 100 ಮಿಲಿಮೀಟರ್ ಚೌಕದ ಲೇಬಲ್, ಕಂಟೇನರ್‌ನ ನಾಲ್ಕೂ ಮೈಗೆ ಅದರದೇ ದೊಡ್ಡ ರೂಪವಾದ 250 ಮಿಲಿಮೀಟರ್‌ನ ಪ್ಲಕಾರ್ಡ್, ಮೂರು ತಿಂಗಳು ಸಮುದ್ರದ ನೀರಿನಲ್ಲಿ ಬಿದ್ದಿದ್ದರೂ ಓದಲು ಬರಬೇಕು ಎಂಬ ನಿಯಮಗಳಿವೆ. ಆದರೂ ಕಚೇರಿಯ ಪ್ರಿಂಟರ್‌ನಲ್ಲಿ ತೆಗೆದ ಕಾಗದವನ್ನು ಗೋಂದಿನಿಂದ ಅಂಟಿಸಿದ್ದನ್ನೂ, ಲೇಬಲ್ ಮೇಲೆಯೇ ಪಟ್ಟಿ ಬಿಗಿದು ಸಂಖ್ಯೆ ಮುಚ್ಚಿದ್ದನ್ನೂ ನೋಡಿದ್ದೇನೆ. ಸರಕು ಇಳಿಸಿ ತೊಳೆದ ಮೇಲೂ ಹಳೆಯ ಪ್ಲಕಾರ್ಡ್ ಕೀಳದೆ ಅದೇ ಕಂಟೇನರ್‌ನಲ್ಲಿ ಗೇರುಬೀಜ ತುಂಬುವುದೂ ಉಂಟು. ಸುಳ್ಳು ಎಚ್ಚರಿಕೆಗೆ ಕಣ್ಣು ಒಗ್ಗಿಹೋದವನು ನಿಜವಾದದ್ದನ್ನೂ ದಾಟಿ ಹೋಗುತ್ತಾನೆ. ಲೇಬಲ್ ಅಂಟಿಸುವ ಗೋದಾಮಿನ ಹುಡುಗನನ್ನು ದೂರಿ ಫಲವಿಲ್ಲ; ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ದಡದ ಮೇಲಿನ ಕೆಲಸಗಾರರಿಗೂ ತರಬೇತಿ ಕಡ್ಡಾಯವೆಂದು ಸಂಹಿತೆಯೇ ಹೇಳುತ್ತದೆ. ಆದರೆ ನಾನು ಕಂಡ ತರಬೇತಿಗಳೆಲ್ಲ ಇಂಗ್ಲಿಷಿನಲ್ಲಿ, ಕಚೇರಿಯವರಿಗಾಗಿ ನಡೆದವು.

ಬಂದರು ಪ್ರಾಧಿಕಾರ, ಕಸ್ಟಮ್ಸ್ ಏಜೆಂಟರ ಸಂಘಗಳು ಮತ್ತು ಜಿಲ್ಲಾ ಕೈಗಾರಿಕಾ ಕೇಂದ್ರಗಳು ಕೂಡಿ ಒಂಬತ್ತು ವರ್ಗಗಳ ಲೇಬಲ್‌ಗಳನ್ನು ಬಣ್ಣದಲ್ಲಿ ತೋರಿಸಿ, ಪ್ರತಿಯೊಂದಕ್ಕೂ ಕನ್ನಡದಲ್ಲಿ ಎರಡು ಸಾಲಿನ ವಿವರಣೆ ಬರೆದ ಗೋಡೆಪಟವನ್ನು ಸರಕು ತುಂಬುವ ಪ್ರತಿಯೊಂದು ಗೋದಾಮಿಗೂ ತಲುಪಿಸಬೇಕು. ರಾಸಾಯನಿಕದ ಜೊತೆ ಬರುವ ಸುರಕ್ಷತಾ ದತ್ತಾಂಶ ಪತ್ರದ 14ನೇ ವಿಭಾಗದಲ್ಲಿ ಸಾಗಣೆಯ ಸಂಖ್ಯೆ, ವರ್ಗಗಳೆಲ್ಲ ಇರುತ್ತವೆ. ಬುಕ್ಕಿಂಗ್‌ಗೆ ಮುನ್ನ ಆ ಪುಟವನ್ನು ಕೇಳಿ ಪಡೆಯುವುದನ್ನು ಏಜೆಂಟರು ರೂಢಿಸಿಕೊಳ್ಳಬೇಕು. ತಿಳಿಸದೆ ಏರಿಸಿದ ಅಪಾಯಕಾರಿ ಸರಕನ್ನು ಹಡಗಿನವರು ಪರಿಹಾರ ಕೊಡದೆ ನಾಶಪಡಿಸಬಹುದು, ಅದರಿಂದಾದ ನಷ್ಟವನ್ನು ಕಳಿಸಿದವನೇ ತುಂಬಬೇಕು ಎಂಬ ಕಾನೂನಿನ ಮಾತನ್ನು ಅದೇ ಪಟದ ಕೆಳಗೆ ದಪ್ಪ ಅಕ್ಷರದಲ್ಲಿ ಅಚ್ಚು ಹಾಕಿಸಿದರೆ, ಗೋದಾಮಿನ ಮಾಲೀಕರೂ ಅದನ್ನು ಓದಿಯಾರು.

ಇಂತಿ,
ನಿವೃತ್ತ ರಫ್ತು ದಾಖಲೆ ಸಹಾಯಕ
ಪಣಂಬೂರು, ಮಂಗಳೂರು