ಲೋಟ ಮೊದಲು ಲೋಟವೇ

ಮಾನ್ಯ ಸಂಪಾದಕರೆ,

ಕಲಾತ್ಮಕ ಚಿತ್ರಗಳ ಸಂಕೇತಗಳ ಕುರಿತು ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ನೀರೆಂದರೆ ಶುದ್ಧಿ, ಕನ್ನಡಿಯೆಂದರೆ ಅಹಂ ಎಂದು ನಿಘಂಟಿನಂತೆ ಅರ್ಥ ಹಂಚಿರುವುದು ನನಗೆ ಒಪ್ಪಿಗೆಯಾಗಲಿಲ್ಲ.

ರಷ್ಯಾದ ನಿರ್ದೇಶಕ ತಾರ್ಕೋವ್‌ಸ್ಕಿಯ ‘ಸ್ಟಾಕರ್’ (1979) ಚಿತ್ರವನ್ನು ನಾಲ್ಕು ಸಲ ನೋಡಿದ್ದೇನೆ. ಕೊನೆಯಲ್ಲಿ ನಾಯಕನ ಮಗಳಾದ ಹುಡುಗಿ ಮೇಜಿನ ಮೇಲಿನ ಲೋಟವನ್ನು ದಿಟ್ಟಿಸುತ್ತಾಳೆ. ಅದು ತಾನಾಗಿ ಸರಿಯುತ್ತದೆ. ಮೊದಲ ಸಲ ‘ನಂಬಿಕೆಯ ಸಂಕೇತ’ ಎಂದು ಬರೆದುಕೊಂಡು ಸುಮ್ಮನಾಗಿದ್ದೆ. ಎರಡನೇ ಸಲ ಕಣ್ಣಿಗೆ ಬಿತ್ತು: ಆರಂಭದಲ್ಲೂ ಹಾಸಿಗೆಯ ಪಕ್ಕ ಒಂದು ಲೋಟವಿದೆ, ರೈಲು ಹಾದುಹೋಗುವಾಗ ನಡುಗುತ್ತದೆ. ಹಾಗಾದರೆ ಕೊನೆಯ ಲೋಟವನ್ನು ಸರಿಸಿದ್ದು ಹುಡುಗಿಯ ನೋಟವೋ, ರೈಲೋ? ರೈಲಿನ ಸದ್ದು ಜೋರಾಗುವುದು ಲೋಟ ಸರಿದ ಮೇಲೆ! ಆ ಕ್ಷಣ ಮೈ ಜುಮ್ಮೆಂದಿತು. ‘ನಂಬಿಕೆ’ ಎಂಬ ಒಂದೇ ಪದ ಇಷ್ಟನ್ನೂ ನುಂಗಿಹಾಕಿತ್ತು.

ಚಿತ್ರದಲ್ಲಿ ಬರುವ ‘ವಲಯ’ ಎಂಬ ನಿಗೂಢ ನಿಷೇಧಿತ ಪ್ರದೇಶ ಯಾವುದರ ಸಂಕೇತವೂ ಅಲ್ಲ ಎಂದು ನಿರ್ದೇಶಕರೇ ಹೇಳಿದ್ದರು. ಅರ್ಥ ಹುಡುಕಬಾರದೆಂದು ನಾನು ಹೇಳುತ್ತಿಲ್ಲ; ಹುಡುಕದೆ ಇರಲು ನನ್ನಿಂದಲೂ ಆಗದು. ಆದರೆ ಆ ವಸ್ತು ಎಲ್ಲಿ ಮೊದಲು ಕಂಡಿತು, ಯಾರು ಮುಟ್ಟಿದರು, ಮತ್ತೆ ಯಾವಾಗ ಬಂತು ಎಂಬುದನ್ನು ನಿಮ್ಮ ಲೇಖಕರು ಮೊದಲು ಬರೆಯಲಿ ಎಂದು ವಿನಂತಿ.

– ನಿಮ್ಮ ಓದುಗಳು, ನಿವೃತ್ತ ಶಿಕ್ಷಕಿ