ರೆಂಡರ್ ನಡುವೆ ಕರೆಂಟ್ ಹೋದರೆ

ಸಂಪಾದಕರೇ,

ತ್ರಿಡಿ ಅನಿಮೇಷನ್ ಕಲಿಯುವ ನಮ್ಮ ಭಾಗದ ಹುಡುಗ-ಹುಡುಗಿಯರಲ್ಲಿ ಹಲವರು ಬ್ಲೆಂಡರ್ ಎಂಬ ತ್ರಿಡಿ ತಂತ್ರಾಂಶದಲ್ಲಿ ನೇರವಾಗಿ ವಿಡಿಯೊಗೇ ರೆಂಡರ್ (ದೃಶ್ಯವನ್ನು ಕಂಪ್ಯೂಟರ್ ಅಂತಿಮ ಚಿತ್ರಗಳಾಗಿ ಮಾಡುವ ಕೆಲಸ) ಹಚ್ಚುತ್ತಾರೆ. ಸೆಕೆಂಡಿಗೆ 24 ಫ್ರೇಮಿನಂತೆ (ಒಂದು ಫ್ರೇಮ್ ಎಂದರೆ ಒಂದು ಚಿತ್ರ) 10 ಸೆಕೆಂಡಿಗೆ 240 ಫ್ರೇಮ್. ಒಂದಕ್ಕೆ 2 ನಿಮಿಷವೆಂದರೂ 8 ತಾಸು. ನಡುವೆ ಕರೆಂಟ್ ಹೋದರೆ ಇಡೀ ಫೈಲ್ ಕೆಡಬಹುದು. ಅದರ ಬದಲು ಫ್ರೇಮಿಗೊಂದು ಪಿಎನ್‌ಜಿ ಚಿತ್ರವಾಗಿ ಉಳಿಸಿ, ‘ಓವರ್‌ರೈಟ್’ (ಇರುವ ಫೈಲ್ ಮೇಲೆಯೇ ಮತ್ತೆ ಬರೆಯುವ ಆಯ್ಕೆ) ಟಿಕ್ ತೆಗೆದಿಟ್ಟರೆ, ಮತ್ತೆ ರೆಂಡರ್ ಹಚ್ಚಿದಾಗ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಅರ್ಧಕ್ಕೆ ನಿಂತ ಕೊನೆಯ ಚಿತ್ರವಿದ್ದರೆ ಅದನ್ನಷ್ಟೇ ಅಳಿಸಬೇಕು.

ಅಭ್ಯಾಸಕ್ಕೆ ಕಾರು, ರೋಬೋಟ್ ಯಾಕೆ? ಕಲಬುರಗಿ ಕೋಟೆಯೊಳಗೆ 1367ರ ಜಾಮಿ ಮಸೀದಿಯ ಕಮಾನುಗಳಿವೆಯಲ್ಲ! ಒಂದು ಕಮಾನು ಮಾಡಿ ‘ಅರೇ’ ಮಾಡಿಫೈಯರ್‌ನಿಂದ (ಒಂದೇ ವಸ್ತುವಿನ ಪ್ರತಿಗಳನ್ನು ಸಾಲಾಗಿ ಇಡುವ ಸಾಧನ) ಸಾಲು ಎಳೆಯಬಹುದು. ಮೊದಲು ಕಂಟ್ರೋಲ್-ಎ ಒತ್ತಿ ಸ್ಕೇಲ್ ಅಪ್ಲೈ (ಹಿಗ್ಗಿಸಿ ಕುಗ್ಗಿಸಿದ ಅಳತೆಯನ್ನೇ ವಸ್ತುವಿನ ಮೂಲ ಅಳತೆಯಾಗಿಸುವುದು) ಮಾಡಲೇಬೇಕು. ಇಲ್ಲದಿದ್ದರೆ ಬೆವೆಲ್ ಕೊಟ್ಟ (ಚೂಪು ತೆಗೆದ) ಅಂಚು ಒಂದು ಕಡೆ ಅಗಲ, ಇನ್ನೊಂದು ಕಡೆ ಸಣ್ಣ ಆಗಬಹುದು. ಚಿತ್ರಗಳಾಗಿ ಉಳಿಸುವುದು, ಸ್ಕೇಲ್ ಅಪ್ಲೈ ಮಾಡುವುದು – ತರಬೇತಿ ಕೇಂದ್ರಗಳು ಇವೆರಡನ್ನೂ ಮೊದಲ ವಾರವೇ ಹೇಳಿಕೊಡಲಿ.

– ತ್ರಿಡಿ ಕಲಿಸುವವರು, ಕಲಬುರಗಿ