ಹದಿನಾರು ಕೆಜಿ ಪಾಲಕ್‌ನ ಲೆಕ್ಕ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ಆರೋಗ್ಯ ಪುಟದಲ್ಲಿ ಸಸ್ಯಾಹಾರಿ ಹೆಂಗಸರಿಗೆ ಮುಟ್ಟು ಬೇಗ ನಿಲ್ಲುತ್ತದೆ ಅಂತ ಒಂದು ಬರಹ ಬಂದಿತ್ತು. ಪಕ್ಕದಲ್ಲಿ ಬೀಟ್‌ರೂಟ್, ದಾಳಿಂಬೆ, ಪಾಲಕ್ ಚಿತ್ರ. ಇವನ್ನು ತಿಂದರೆ ಆ ವಯಸ್ಸಿನ ಏರುಪೇರೆಲ್ಲ ಸರಿಹೋಗುತ್ತದೆ ಅನ್ನುವ ಸಲಹೆ ಬೇರೆ. ನಾನು ಹುಟ್ಟಿದಾಗಿನಿಂದ ಸಸ್ಯಾಹಾರಿ, ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ, ಮುಟ್ಟು ನಿಂತು ಒಂದೂವರೆ ವರ್ಷವಾಯಿತು. ಹಾಗಾಗಿ ಸ್ವಲ್ಪ ಲೆಕ್ಕ ಒಪ್ಪಿಸುತ್ತೇನೆ.

ಮೊದಲು ಆ 'ಬೇಗ' ಅನ್ನುವ ಮಾತು. 2018ರಲ್ಲಿ ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದವರು ಅಲ್ಲಿನ ಹೆಂಗಸರ ಊಟವನ್ನೂ ಮುಟ್ಟು ನಿಂತ ವಯಸ್ಸನ್ನೂ ಜೊತೆಗಿಟ್ಟು ನೋಡಿದ್ದರು. ಮಾಂಸ ತಿನ್ನುವವರಿಗಿಂತ ಸಸ್ಯಾಹಾರಿಗಳಿಗೆ ಹೆಚ್ಚುಕಮ್ಮಿ ಒಂದು ವರ್ಷ ಮೊದಲು ನಿಂತಿತ್ತು, ನಿಜ. ಆದರೆ ಅನ್ನ, ಪಾಸ್ತಾ ಜಾಸ್ತಿ ತಿನ್ನುವವರಿಗೂ ಬೇಗ ನಿಂತಿತ್ತು. ಹಸಿ ಬಟಾಣಿ, ಬೀನ್ಸ್ ತಿನ್ನುವವರಿಗೆ ತಡವಾಗಿತ್ತು. ಎರಡು ಸಂಗತಿ ಒಟ್ಟಿಗೆ ಕಂಡ ಮಾತ್ರಕ್ಕೆ ಒಂದರಿಂದಲೇ ಇನ್ನೊಂದಾಯಿತು ಅನ್ನೋಕಾಗಲ್ಲ. ಬ್ರಿಟನ್ನಿನಲ್ಲಿ ಸರಾಸರಿ 51ಕ್ಕೆ ನಿಲ್ಲುತ್ತದೆ, ನಮ್ಮಲ್ಲಿ 46-47ಕ್ಕೆ. ನಮ್ಮ ದೇಶದಲ್ಲೂ ಮೀನು ಮಾಂಸ ತಿನ್ನುವವರೇ ಹೆಚ್ಚು. ಈ ನಾಲ್ಕು ವರ್ಷದ ವ್ಯತ್ಯಾಸವನ್ನು ಸೊಪ್ಪಿನ ಸಾರಿನ ತಲೆಗೆ ಕಟ್ಟೋದು ಹೇಗೆ?

ಬೇಗವೋ ತಡವೋ, ಅದಿರಲಿ. ನನ್ನ ತಕರಾರು ಬೇರೆ. ನಿಲ್ಲುವ ಮುಂಚಿನ ವರ್ಷಗಳಲ್ಲಿ ಹೋಗುವ ರಕ್ತದ ಬಗ್ಗೆ ಆ ಬರಹದಲ್ಲಿ ಒಂದು ಸಾಲೂ ಇರಲಿಲ್ಲ.

ನನಗೆ 47ಕ್ಕೆ ಮುಟ್ಟಿನ ಏರುಪೇರು ಶುರುವಾಯಿತು. ಒಮ್ಮೆ ಇಪ್ಪತ್ತೇ ದಿನಕ್ಕೆ, ಇನ್ನೊಮ್ಮೆ ಎರಡು ತಿಂಗಳಾದರೂ ಇಲ್ಲ. ಬಂದರೆ ಹತ್ತು ಹನ್ನೆರಡು ದಿನ. ಒಂದು ಪಾಠ ಮುಗಿಯುವಷ್ಟರಲ್ಲಿ ಪ್ಯಾಡ್ ಬದಲಾಯಿಸಬೇಕು. ರಕ್ತ ಗಡ್ಡೆ ಗಡ್ಡೆಯಾಗಿ ಹೋಗುತ್ತಿತ್ತು. ತಿಳಿ ಬಣ್ಣದ ಸೀರೆಗಳೆಲ್ಲ ಬೀರುವಿನಲ್ಲೇ ಉಳಿದವು. 'ನಿಲ್ಲೋ ಟೈಮಲ್ಲಿ ಹೀಗೇ ಕಣಮ್ಮ, ಕೆಟ್ಟ ರಕ್ತ ಎಲ್ಲ ಹೋಗ್ಲಿ ಬಿಡು' ಅಂದರು ಅತ್ತೆ. ಸ್ಟಾಫ್ ರೂಮಿನಲ್ಲಿ, 'ಬರೀ ಸೊಪ್ಪು ತಿಂದ್ರೆ ಹೆಂಗೆ ಮೇಡಂ, ಒಂದು ಮೊಟ್ಟೆನಾದ್ರೂ ತಿನ್ನಿ' ಅಂದರು. ನಾನು ಬೀಟ್‌ರೂಟ್ ಜ್ಯೂಸ್ ಕುಡಿದೆ. ಎಂಟು ತಿಂಗಳು ಕುಡಿದೆ. ಕೊನೆಗೊಂದು ದಿನ ಬೋರ್ಡಿನ ಮುಂದೆ ಕಣ್ಣು ಕತ್ತಲೆ ಬಂದು ಕೂತುಬಿಟ್ಟೆ. 12ರ ಮೇಲಿರಬೇಕಾದ ಹಿಮೋಗ್ಲೋಬಿನ್ 7.4ಕ್ಕೆ ಇಳಿದಿತ್ತು.

ಈಗ ಲೆಕ್ಕ ನೋಡಿ. ಒಂದು ಮುಟ್ಟಿನಲ್ಲಿ 80 ಮಿಲಿಲೀಟರ್ ದಾಟಿದರೆ ವೈದ್ಯರು ಅದನ್ನು ಅತಿಸ್ರಾವ ಅನ್ನುತ್ತಾರೆ. ಒಂದು ಮಿಲಿಲೀಟರ್ ರಕ್ತದ ಜೊತೆ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಹೋಗುತ್ತದೆ. ನನ್ನಂತೆ ಎರಡರಷ್ಟು, ಅಂದರೆ 160 ಮಿಲಿಲೀಟರ್ ರಕ್ತ ಹೋದರೆ ಕಬ್ಬಿಣ 80 ಮಿಲಿಗ್ರಾಂ. ನಮ್ಮ ಊಟದಲ್ಲಿರುವ ಕಬ್ಬಿಣದಲ್ಲಿ ಮೈಗೆ ಹತ್ತುವುದು ಸುಮಾರು ನೂರಕ್ಕೆ ಎಂಟು ಪಾಲು. ಅಂದರೆ ಆ 80 ವಾಪಸ್ ಬರಬೇಕಾದರೆ 1000 ಮಿಲಿಗ್ರಾಂ ತಿನ್ನಬೇಕು. 100 ಗ್ರಾಂ ಪಾಲಕ್‌ನಲ್ಲಿರುವುದು ಸುಮಾರು 3 ಮಿಲಿಗ್ರಾಂ. 33 ಕೆಜಿ ಆಯಿತು! ಕೊರತೆ ಇದ್ದಾಗ ಮೈ ಹೆಚ್ಚು ಹೀರಿಕೊಳ್ಳುತ್ತದೆ, ಆದ್ದರಿಂದ ಅರ್ಧ ಮಾಡೋಣ. ಆಗಲೂ 16 ಕೆಜಿ, ಅದೂ ದಿನದ ಊಟದ ಮೇಲೆ. ಬೀಟ್‌ರೂಟ್ ಕೆಂಪಗಿದೆ ಅಷ್ಟೇ, 100 ಗ್ರಾಂಗೆ 1 ಮಿಲಿಗ್ರಾಂ ಆಸುಪಾಸು. ಮೊಟ್ಟೆ ತಿನ್ನಿ ಅಂದವರಿಗೂ ಒಂದು ಮಾತು: ಒಂದು ಮೊಟ್ಟೆಯಲ್ಲೂ ಅಷ್ಟೇ ಇರೋದು. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, ಮುಟ್ಟು ನಿಂತ ಮೇಲೆ ಮೂಳೆಗೆ ಅದು ಬೇಕೇ ಬೇಕು. ಆದರೆ ಸೋರುವ ರಕ್ತವನ್ನು ಮುದ್ದೆ ತುಂಬಿಕೊಡುವುದಿಲ್ಲ.

ಹಾಗಂತ ತಪ್ಪು ನನ್ನ ಊಟದ್ದೂ ಆಗಿರಲಿಲ್ಲ. ಆ ವಯಸ್ಸಿನಲ್ಲಿ ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ. ಆಗ ಪ್ರೊಜೆಸ್ಟರಾನ್ ಹಾರ್ಮೋನು ಬರುವುದಿಲ್ಲ, ಗರ್ಭಕೋಶದ ಒಳಪದರ ದಪ್ಪವಾಗುತ್ತಾ ಹೋಗಿ ಒಂದು ದಿನ ಒಮ್ಮೆಗೇ ಕಳಚಿಕೊಳ್ಳುತ್ತದೆ. ನನಗೆ ಅದರ ಜೊತೆ ಒಂದು ಫೈಬ್ರಾಯ್ಡ್ (ಗರ್ಭಕೋಶದಲ್ಲಿ ಬೆಳೆಯುವ, ಕ್ಯಾನ್ಸರ್ ಅಲ್ಲದ ಗಂಟು) ಕೂಡ ಇತ್ತು. ಸ್ಕ್ಯಾನ್ ಮಾಡಿದರು, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಕೆಟ್ಟದ್ದೇನೂ ಇರಲಿಲ್ಲ. ಹಾರ್ಮೋನು ಮಾತ್ರೆ ಕೊಟ್ಟರು, ಕಬ್ಬಿಣವನ್ನು ಡ್ರಿಪ್‌ನಲ್ಲಿ ಏರಿಸಿದರು. ಎರಡು ತಿಂಗಳಲ್ಲಿ ಮೆಟ್ಟಿಲು ಹತ್ತುವಂತಾದೆ. ಬಿ12 ಕೂಡ ಕಡಿಮೆ ಇತ್ತು. ಕಾಲು ಜೋಮು ಹಿಡಿಯುವುದು, ಮರೆವು, ಎಲ್ಲವನ್ನೂ ನಾನು ವಯಸ್ಸಿನ ಖಾತೆಗೆ ಬರೆದುಕೊಂಡಿದ್ದೆ. ಬಿ12 ಸೊಪ್ಪು ತರಕಾರಿಯಲ್ಲಿ ಇರುವುದಿಲ್ಲ. ನಮಗೆ ಹಾಲು ಮೊಸರೇ ಗತಿ, ಅದೂ ಎಲ್ಲರಿಗೂ ಸಾಲದು.

ನಾನು ಇವತ್ತಿಗೂ ಸಸ್ಯಾಹಾರಿಯೇ. ಬದಲಾದದ್ದು ಸಣ್ಣಪುಟ್ಟದ್ದು. ಊಟ ಆದ ತಕ್ಷಣ ಕಾಫಿ ಕುಡಿಯುತ್ತಿದ್ದೆ, ಈಗ ಒಂದು ಗಂಟೆ ಬಿಟ್ಟು ಕುಡಿಯುತ್ತೇನೆ. ಕಾಫಿ, ಟೀ ಊಟದಲ್ಲಿನ ಕಬ್ಬಿಣವನ್ನು ಕಟ್ಟಿಹಾಕುತ್ತವೆ. (ಕಾಫಿ ಹುಚ್ಚಿನವಳಿಗೆ ಆ ಒಂದು ಗಂಟೆ ಎಷ್ಟು ಉದ್ದ ಅಂತ ಕೇಳಬೇಡಿ.) ಕಬ್ಬಿಣ ಮೈಗೆ ಹತ್ತಲಿ ಅಂತ ಹುರಳಿ, ಹೆಸರುಕಾಳು ಮೊಳಕೆ ಬರಿಸಿಯೇ ಮಾಡುತ್ತೇನೆ, ಕೋಸಂಬರಿಗೆ ನಿಂಬೆಹಣ್ಣು ತಪ್ಪಿಸಲ್ಲ, ಸಿಕ್ಕರೆ ಸೀಬೆಹಣ್ಣು. ಕಬ್ಬಿಣದ ಮಾತ್ರೆಯನ್ನೂ ಕ್ಯಾಲ್ಸಿಯಂ ಮಾತ್ರೆಯನ್ನೂ ಒಟ್ಟಿಗೆ ನುಂಗುತ್ತಿದ್ದೆ, ಅದೂ ಹಾಲಿನ ಜೊತೆ! ಈಗ ಒಂದು ಬೆಳಗ್ಗೆ, ಒಂದು ರಾತ್ರಿ. ಇವೆಲ್ಲ ರಕ್ತ ಹೋಗುವುದು ಹತೋಟಿಗೆ ಬಂದ ಮೇಲೆ ಉಪಯೋಗಕ್ಕೆ ಬಂದವು. ನಲ್ಲಿ ಸುರಿಯುತ್ತಿರುವಾಗ ಚೆಂಬಿನಲ್ಲಿ ತೊಟ್ಟಿ ತುಂಬಿಸೋಕಾಗುತ್ತಾ?

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ. 47.8 ಮಂದಿಗೆ ರಕ್ತಹೀನತೆ. ಲೆಕ್ಕ 49ಕ್ಕೇ ಮುಗಿಯುತ್ತದೆ. ಐವತ್ತು ತುಂಬಿದವಳ ಹಿಮೋಗ್ಲೋಬಿನ್ ಆ ಸಮೀಕ್ಷೆ ನೋಡಲೇ ಇಲ್ಲ. ಮಾತ್ರೆ, ತಿಳಿವಳಿಕೆ ಹೆಚ್ಚಾಗಿ ಶಾಲೆಯ ಹುಡುಗಿಯರಿಗೆ, ಬಸುರಿ ಬಾಣಂತಿಯರಿಗೆ. ಅವರಿಗೆ ಬೇಕು, ಬೇಡ ಅನ್ನಲ್ಲ. ಅವರ ಅಮ್ಮಂದಿರನ್ನೂ ಸ್ವಲ್ಪ ನೋಡಲಿ.

ನಿಮ್ಮಲ್ಲಿ ಒಂದು ಕೋರಿಕೆ. ಮುಂದಿನ ಸಲ ಇಂಥ ಬರಹ ಹಾಕುವಾಗ ಆ ಬೀಟ್‌ರೂಟ್ ಚಿತ್ರ ಸ್ವಲ್ಪ ಚಿಕ್ಕದು ಮಾಡಿ. ಉಳಿದ ಜಾಗದಲ್ಲಿ ಇಷ್ಟು ಅಚ್ಚು ಹಾಕಿ: ಏಳು ದಿನ ದಾಟಿದರೆ, ಗಂಟೆಗೊಂದು ಪ್ಯಾಡ್ ನೆನೆದರೆ, ರಕ್ತದ ಗಡ್ಡೆ ಹೋದರೆ ಡಾಕ್ಟರ ಹತ್ತಿರ ಹೋಗಿ. ಮುಟ್ಟು ನಿಂತು ಒಂದು ವರ್ಷವಾದ ಮೇಲೆ ಒಂದು ಹನಿ ಕಂಡರೂ ಅವತ್ತೇ ಹೋಗಿ.

ಇಂತಿ,
ಒಬ್ಬ ಗಣಿತ ಶಿಕ್ಷಕಿ, ತಿಪಟೂರು